ಹದಿಮೂರು ವರ್ಷ, ಹನ್ನೊಂದು ಕಿಲೋ: ಆರ್15 ಬೈಕಿನ ತಲೆಮಾರುಗಳ ಬಗ್ಗೆ

ಮಾನ್ಯ ಸಂಪಾದಕರಿಗೆ ವಂದನೆಗಳು.

ಹಗುರ ಸ್ಪೋರ್ಟ್ ಬೈಕುಗಳ ಬಗ್ಗೆ ತಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಈಚೆಗೆ ಬಂದ ಬರಹವನ್ನು ಎರಡು ಸಲ ಓದಿದೆ. ಯಮಹಾ ಆರ್15ರ ನಾಲ್ಕು ತಲೆಮಾರುಗಳ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದ್ದು ನನ್ನಂಥ ಓದುಗನಿಗೆ ನಿಜಕ್ಕೂ ಸಂತೋಷದ ಸಂಗತಿ. ಆದರೆ ಪ್ರತಿ ಚಿತ್ರದ ಕೆಳಗೂ ಎಂಜಿನ್ನಿನ ಶಕ್ತಿಯನ್ನು ದಪ್ಪಕ್ಷರದಲ್ಲಿ ಕೊಟ್ಟು, ಬೈಕಿನ ತೂಕವನ್ನು ಒಂದು ಕಡೆಯೂ ನಮೂದಿಸದೆ ಬಿಟ್ಟಿರುವುದನ್ನು ಕಂಡಾಗ ಈ ಪತ್ರ ಬರೆಯಲೇಬೇಕು ಎನಿಸಿತು. ಹಗುರ ಬೈಕು ಎಂದು ಕರೆದ ಮೇಲೆ ಅದು ಎಷ್ಟು ಹಗುರ ಎಂಬುದನ್ನು ಮೊದಲು ಹೇಳಬೇಕಲ್ಲವೇ?

ನಾನು ಚಿಕ್ಕಮಗಳೂರು ಜಿಲ್ಲೆಯವನು. ಪಾಲಿಟೆಕ್ನಿಕ್ ಒಂದರ ಆಟೊಮೊಬೈಲ್ ವಿಭಾಗದಲ್ಲಿ ಬಹಳ ವರ್ಷ ಪಾಠ ಹೇಳಿದವನು. 2008ರಲ್ಲಿ ಆರ್15 ಮೊದಲ ಬಾರಿಗೆ ಮಾರುಕಟ್ಟೆಗೆ ಬಂದಾಗ ಕೊಂಡ ಬೈಕು ಇಂದಿಗೂ ನನ್ನ ಬಳಿ ಇದೆ. ಅಣ್ಣನ ಮಗ ನಾಲ್ಕನೆಯ ತಲೆಮಾರಿನದನ್ನು ತಂದ ಮೇಲೆ ಎರಡೂ ಒಂದೇ ಸೂರಿನಡಿ ಅಕ್ಕಪಕ್ಕ ನಿಲ್ಲುತ್ತಿವೆ. ಕಳೆದ ಬೇಸಿಗೆಯಲ್ಲಿ ಎರಡಕ್ಕೂ ಪೆಟ್ರೋಲನ್ನು ಕಂಠಮಟ್ಟ ತುಂಬಿಸಿ, ಕಾಫಿ ಮೂಟೆ ತೂಗುವ ಯಂತ್ರದ ಮೇಲೆ ಒಂದೊಂದೇ ಚಕ್ರವನ್ನು ನಿಲ್ಲಿಸಿ ತೂಗಿದೆವು. ಒಂದು ಚಕ್ರ ಯಂತ್ರದ ಮೇಲಿರುವಾಗ ಇನ್ನೊಂದರ ಕೆಳಗೆ ಅದೇ ಎತ್ತರದ ಹಲಗೆ ಕೊಡಬೇಕು, ಇಲ್ಲವಾದರೆ ಬೈಕು ಓರೆಯಾಗಿ ಲೆಕ್ಕ ತಪ್ಪುತ್ತದೆ. ಮುಂದಿನ ಹಾಗೂ ಹಿಂದಿನ ಚಕ್ರಗಳ ತೂಕವನ್ನು ಕೂಡಿಸಿದಾಗ, ಕಂಪನಿ ಹೇಳುವ ಅಂಕಿಗಳೇ ಒಂದು ಕಿಲೋ ಹೆಚ್ಚುಕಡಿಮೆಯಲ್ಲಿ ಬಂದವು: ಹಳೆಯದು 131 ಕಿಲೋ, ಹೊಸದು 142 ಕಿಲೋ. 2008ರಿಂದ 2021ರವರೆಗಿನ ಹದಿಮೂರು ವರ್ಷಗಳಲ್ಲಿ ಹನ್ನೊಂದು ಕಿಲೋ ಕೂಡಿಕೊಂಡಿದೆ. ಹಳೆಯ ಬೈಕಿನ ಟ್ಯಾಂಕು 12 ಲೀಟರಿನದು, ಹೊಸದರದು 11 ಲೀಟರಿನದು. ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕಿಲೋ ತೂಗುವುದರಿಂದ, ಕಬ್ಬಿಣ, ಅಲ್ಯೂಮಿನಿಯಂ, ರಬ್ಬರುಗಳ ಲೆಕ್ಕದಲ್ಲಿ ನಿಜವಾದ ಹೆಚ್ಚಳ ಹನ್ನೆರಡು ಕಿಲೋಗೆ ಹತ್ತಿರ ಎಂದೇ ಹೇಳಬೇಕು.

ಈಗ ಶಕ್ತಿಯ ಮಾತು. ಮೊದಲ ತಲೆಮಾರಿನ ಎಂಜಿನ್ ನಿಮಿಷಕ್ಕೆ 8,500 ಸುತ್ತುಗಳಲ್ಲಿ 17 ಪಿ.ಎಸ್. (ಮೆಟ್ರಿಕ್ ಅಶ್ವಶಕ್ತಿ) ಕೊಡುತ್ತಿತ್ತು, ನಾಲ್ಕನೆಯದು 10,000 ಸುತ್ತುಗಳಲ್ಲಿ 18.4 ಪಿ.ಎಸ್. ಕೊಡುತ್ತದೆ. ಕಾಗದ ಪೆನ್ಸಿಲು ಹಿಡಿದು ಭಾಗಿಸಿ ನೋಡಿ. ಸಾವಿರ ಕಿಲೋ ತೂಕಕ್ಕೆ ಇಷ್ಟು ಶಕ್ತಿ ಎಂದು ಲೆಕ್ಕ ಹಾಕಿದರೆ ಹಳೆಯದಕ್ಕೆ 129.8, ಹೊಸದಕ್ಕೆ 129.6 ಬರುತ್ತದೆ. ಕವಾಟಗಳ (ವಾಲ್ವ್) ತಂತ್ರ, ಸಂಪೀಡನ ಅನುಪಾತ (ಕಂಪ್ರೆಷನ್ ರೇಶಿಯೊ), ವಿದ್ಯುನ್ಮಾನ ನಿಯಂತ್ರಣ ಎಂದು ಇಷ್ಟೆಲ್ಲ ವರ್ಷ ಎಂಜಿನ್ ವಿಭಾಗದವರು ದುಡಿದು ಗಳಿಸಿದ್ದನ್ನೆಲ್ಲ ತೂಕವೊಂದೇ ನುಂಗಿ, ಬೈಕನ್ನು ಹೊರಟ ಜಾಗಕ್ಕೇ ತಂದು ನಿಲ್ಲಿಸಿದೆ. ಸವಾರನ ತೂಕವನ್ನೂ ಸೇರಿಸಬೇಕು ಎಂದು ಯಾರಾದರೂ ಹೇಳಿದರೆ ಅದು ನ್ಯಾಯವಾದ ಮಾತೇ. 65 ಕಿಲೋದ ಸವಾರನನ್ನು ಕೂರಿಸಿ ಲೆಕ್ಕ ಹಾಕಿದರೆ ಹಳೆಯದಕ್ಕೆ 87, ಹೊಸದಕ್ಕೆ 89 ಆಗುತ್ತದೆ. ಹೊಸದು ಕೂದಲೆಳೆಯಷ್ಟು ಮುಂದೆ. ನೇರ ರಸ್ತೆಯ ಗರಿಷ್ಠ ವೇಗವನ್ನು ತೀರ್ಮಾನಿಸುವುದು ತೂಕಕ್ಕಿಂತ ಹೆಚ್ಚಾಗಿ ಶಕ್ತಿ ಮತ್ತು ಗಾಳಿಯ ತಡೆ ಎಂಬುದೂ ನನಗೆ ಗೊತ್ತು. ಆದರೆ ತಮ್ಮ ಪುಟದಲ್ಲಿ ಸಾಲಾಗಿ ನಿಂತ ನಾಲ್ಕು ಚಿತ್ರಗಳನ್ನು ನೋಡಿದವರು, ಬೈಕು ಮೆಟ್ಟಿಲು ಮೆಟ್ಟಿಲಾಗಿ ಚುರುಕಾಗುತ್ತ ಬಂದಿದೆ ಎಂದೇ ತಿಳಿಯುತ್ತಾರೆ. ನಡೆದದ್ದು ಅದಲ್ಲ. ಅದಕ್ಕಿಂತ ಸ್ವಾರಸ್ಯಕರವಾದದ್ದು ನಡೆದಿದೆ ಎಂಬ ಕಾರಣಕ್ಕೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

2008ರ ಬೈಕು ಎಷ್ಟು ದೊಡ್ಡ ಜಿಗಿತವಾಗಿತ್ತು ಎಂಬುದು ಇಂದಿನ ಹುಡುಗರಿಗೆ ಊಹಿಸಲೂ ಕಷ್ಟ. ಆಗ ನಮ್ಮಲ್ಲಿ ದೂರದ ಪ್ರಯಾಣಕ್ಕೂ ವೇಗಕ್ಕೂ ಹೆಸರಾಗಿದ್ದದ್ದು 2003ರಲ್ಲಿ ಬಂದ ಹೀರೊ ಹೋಂಡಾ ಕರಿಜ್ಮಾ. 223 ಸಿ.ಸಿ.ಯ ಎಂಜಿನ್ನಿನಿಂದ ಅದು ಸುಮಾರು 17 ಪಿ.ಎಸ್. ಶಕ್ತಿ ಪಡೆಯುತ್ತಿತ್ತು. ಅಷ್ಟೇ ಶಕ್ತಿಯನ್ನು ಆರ್15 ತನ್ನ 149.8 ಸಿ.ಸಿ.ಯಿಂದ ತೆಗೆದು ತೋರಿಸಿತು. ಗಾಳಿಯಿಂದ ತಣಿಯುವ, ಎರಡು ಕವಾಟಗಳ, ಕಾರ್ಬ್ಯುರೇಟರ್ ಎಂಜಿನ್ನುಗಳ ನಡುವೆ ರೇಡಿಯೇಟರು, ನಾಲ್ಕು ಕವಾಟ, ಇಂಧನ ಚುಚ್ಚುವ ವ್ಯವಸ್ಥೆ (ಫ್ಯೂಯಲ್ ಇಂಜೆಕ್ಷನ್), ಆರು ಗೇರು ಇವೆಲ್ಲವನ್ನೂ ಒಟ್ಟಿಗೆ ಹೊತ್ತು ಬಂದ ಬೈಕು, ದೆಹಲಿಯ ಶೋರೂಂ ದರದಲ್ಲಿ ಒಂದು ಲಕ್ಷ ರೂಪಾಯಿಗಿಂತ ತುಸು ಕಡಿಮೆಗೆ ಸಿಗುತ್ತಿತ್ತು. ನೂರೈವತ್ತು ಸಿ.ಸಿ.ಗೆ ಲಕ್ಷ ರೂಪಾಯಿಯೇ ಎಂದು ಮೂಗು ಮುರಿದವರೇ ಹೆಚ್ಚು. ಎಂಜಿನ್ ಸಂಪೂರ್ಣ ಹೊಸದೇನಲ್ಲ, 57 ಮಿ.ಮೀ. ಬೋರು (ಸಿಲಿಂಡರಿನ ಒಳ ಅಗಲ), 58.7 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಅದೇ ಅಳತೆಯ ಎಂಜಿನ್ 2007ರಲ್ಲೇ ಇಂಡೋನೇಷ್ಯಾದ ವಿಕ್ಸಿಯನ್ ಬೈಕಿನಲ್ಲಿ ಓಡಾಡುತ್ತಿತ್ತು. ಅದನ್ನು ಯಮಹಾದ ದೊಡ್ಡ ಸ್ಪೋರ್ಟ್ ಬೈಕುಗಳಾದ ಆರ್1, ಆರ್6ಗಳ ಮನೆತನದ ಉಡುಗೆ ತೊಡಿಸಿ ನಮ್ಮ ರಸ್ತೆಗೆ ಇಳಿಸಿದ್ದು ಹೊಸದು.

ಕಾರ್ಬ್ಯುರೇಟರ್ ಕಾಲದಿಂದ ಬಂದ ನಮಗೆ ಮೊದಲ ದಿನ ಹಿಡಿಸಿದ್ದು ಒಂದು ಸದ್ದು. ಕೀಲಿ ತಿರುಗಿಸಿದ ಕೂಡಲೇ ಟ್ಯಾಂಕಿನ ಒಳಗಿರುವ ಪಂಪು ಒಂದೆರಡು ಸೆಕೆಂಡು ಗುಂಯ್ ಎಂದು ಸುಮ್ಮನಾಗುತ್ತಿತ್ತು; ಇಂಧನದ ಕೊಳವೆಯಲ್ಲಿ ಒತ್ತಡ ಸಿದ್ಧವಾಗಿದೆ ಎಂಬುದಕ್ಕೆ ಅದೇ ಸೂಚನೆ. ಮಲೆನಾಡಿನ ಜನವರಿಯ ಚಳಿಯಲ್ಲಿ ಚೋಕ್ ಎಳೆದು, ಎಂಜಿನ್ ಕೆಮ್ಮುವುದನ್ನು ಕೇಳುತ್ತ ನಿಲ್ಲುವ ಪಾಡು ಅಲ್ಲಿಗೆ ತಪ್ಪಿತು. ಹತ್ತಿರದ ಮೆಕ್ಯಾನಿಕ್‌ಗಳು ಮಾತ್ರ ಮೊದಲ ವರ್ಷ ಅದನ್ನು ಮುಟ್ಟಲು ಹೆದರಿದರು. ಅವರ ಅಳುಕಿನಲ್ಲಿ ಅರ್ಥವಿತ್ತು. ಸಿಲಿಂಡರಿನ ವಿಷಯವನ್ನೇ ತೆಗೆದುಕೊಳ್ಳಿ: ಸಾಮಾನ್ಯ ಬೈಕುಗಳಲ್ಲಿ ಅಲ್ಯೂಮಿನಿಯಂ ಬ್ಲಾಕಿನೊಳಗೆ ಬೀಡುಕಬ್ಬಿಣದ ಸ್ಲೀವ್ (ಒಳಕೊಳವೆ) ಇರುತ್ತದೆ, ಸವೆದಾಗ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕಿದರೆ ಬೈಕು ಮತ್ತೆ ಹೊಸದರಂತೆ ಓಡುತ್ತದೆ. ಡಯಾಸಿಲ್ ಎಂದು ಯಮಹಾ ಕರೆಯುವ ಈ ಬ್ಲಾಕು ನೂರಕ್ಕೆ ಇಪ್ಪತ್ತು ಪಾಲು ಸಿಲಿಕಾನ್ ಬೆರೆತ ಅಲ್ಯೂಮಿನಿಯಂನ ಒಂದೇ ಎರಕ. ಸ್ಲೀವ್ ಎಂಬುದೇ ಇಲ್ಲ. ಬಿಸಿ ಬೇಗ ಹೊರಗೆ ಹೋಗುತ್ತದೆ, ಗೋಡೆ ಗಟ್ಟಿ, ತೂಕವೂ ಕಡಿಮೆ. ಆದರೆ ಕೆಟ್ಟಾಗ ಹಳೆಯ ರೀತಿಯಲ್ಲಿ ಬೋರ್ ಮಾಡಿಸುವಂತಿಲ್ಲ, ಬ್ಲಾಕನ್ನೇ ಬದಲಿಸಬೇಕು. ನನ್ನ ಬೈಕಿನ ಬ್ಲಾಕು ಈವರೆಗೆ ಬದಲಾಗಿಲ್ಲ. ಎಣ್ಣೆಯನ್ನು ಅವಧಿಗೆ ಸರಿಯಾಗಿ ಬದಲಿಸಿದ್ದು, ಕೂಲೆಂಟ್ ಜಾಗದಲ್ಲಿ ಎಂದೂ ಬಾವಿ ನೀರು ಸುರಿಯದೆ ಇದ್ದದ್ದು, ಇವೆರಡೇ ಅದಕ್ಕೆ ಕಾರಣ ಎಂದು ನಂಬಿದ್ದೇನೆ.

ಎಂಜಿನ್ನಿಗಿಂತಲೂ ಅದನ್ನು ಹಿಡಿದಿಟ್ಟ ಚೌಕಟ್ಟು ನನ್ನ ಮೆಚ್ಚುಗೆಗೆ ಹೆಚ್ಚು ಪಾತ್ರವಾದದ್ದು. ಡೆಲ್ಟಾಬಾಕ್ಸ್ ಎಂಬ ಈ ರಚನೆಯಲ್ಲಿ ಹ್ಯಾಂಡಲಿನ ಕತ್ತಿನಿಂದ ಹಿಂದಿನ ಚಕ್ರವನ್ನು ಹಿಡಿಯುವ ತೋಳು, ಅಂದರೆ ಸ್ವಿಂಗ್ ಆರ್ಮ್, ತಿರುಗುವ ಗೂಟದವರೆಗೆ ಎರಡು ಅಗಲವಾದ ತೊಲೆಗಳು ಹೆಚ್ಚುಕಡಿಮೆ ನೇರವಾಗಿ ಹಾಯುತ್ತವೆ, ಎಂಜಿನ್ ಕೂಡ ಆ ಚೌಕಟ್ಟಿನ ಒಂದು ಅಂಗವಾಗಿ ಭಾರ ಹೊರುತ್ತದೆ. ದೊಡ್ಡ ಬೈಕುಗಳಲ್ಲಿ ಅಲ್ಯೂಮಿನಿಯಂನಲ್ಲಿ ಮಾಡುವುದನ್ನು ಇಲ್ಲಿ ಉಕ್ಕಿನಲ್ಲಿ ಮಾಡಿದರು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಒಂದು ತಿರುವು ಮುಗಿಯುವ ಮೊದಲೇ ಇನ್ನೊಂದು ಎದುರಾಗುವ ಕಡೆಗಳಲ್ಲಿ, ಬೈಕನ್ನು ಎಡದಿಂದ ಬಲಕ್ಕೆ ವಾಲಿಸಿದರೆ ಮುಂದಿನ ಚಕ್ರವೂ ಹಿಂದಿನ ಚಕ್ರವೂ ಒಂದೇ ಕ್ಷಣದಲ್ಲಿ ಮಾತು ಕೇಳುತ್ತಿದ್ದವು. ಅದಕ್ಕೂ ಮೊದಲು ನಾನು ಓಡಿಸಿದ ಎಲ್ಲ ಬೈಕುಗಳಲ್ಲೂ ಹಿಂದಿನ ಚಕ್ರ ಅರೆಗಳಿಗೆ ತಡವಾಗಿ ಬರುತ್ತಿತ್ತು.

ಯಮಹಾದ್ದೇ ಹಳೆಯ ಆರ್‌ಎಕ್ಸ್100 ಬೈಕನ್ನು ಕಂಡರೆ ಇಂದಿಗೂ ತಿರುಗಿ ನೋಡುವ ನಾಡು ನಮ್ಮದು. ಅದರ 98 ಸಿ.ಸಿ. ಎಂಜಿನ್ ಕೊಡುತ್ತಿದ್ದದ್ದು ಕೇವಲ 11 ಪಿ.ಎಸ್.; ಆದರೂ ಅದು ಅಷ್ಟು ಚುರುಕು ಎನಿಸಿದ್ದಕ್ಕೆ ಎರಡು ಸ್ಟ್ರೋಕಿನ ಎಂಜಿನ್ ಎಷ್ಟು ಕಾರಣವೋ, ನೂರು ಕಿಲೋ ಆಸುಪಾಸಿನ ಮೈಯೂ ಅಷ್ಟೇ ಕಾರಣ. ಆ ಹಗುರತನದ ಪಾಠವನ್ನು ಮೊದಲ ಆರ್15 ಮರೆತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

2011ರಲ್ಲಿ ಎರಡನೆಯ ತಲೆಮಾರು ಬಂತು. ಎಂಜಿನ್ನಿನ ಶಕ್ತಿಯಲ್ಲಿ ಎಳ್ಳಷ್ಟೂ ಬದಲಾವಣೆ ಇಲ್ಲ ಎಂದು ತಿಳಿದಾಗ ಬಹಳ ಜನ ನಿರಾಶರಾದರು. ನನಗೆ ಮಾತ್ರ ನಾಲ್ಕು ತಲೆಮಾರುಗಳಲ್ಲಿ ಇದೇ ಅತ್ಯಂತ ಧೈರ್ಯದ ತೀರ್ಮಾನವಾಗಿ ಕಾಣುತ್ತದೆ. ಮೊದಲ ಬೈಕಿನ ದೊಡ್ಡ ಕೊರತೆ ಅದರ ಟಯರುಗಳಾಗಿದ್ದವು: ಮುಂದೆ 80, ಹಿಂದೆ ಕೇವಲ 100 ಮಿ.ಮೀ. ಅಗಲ. ಚೌಕಟ್ಟು ಇನ್ನೂ ವಾಲಬಲ್ಲೆ ಎನ್ನುತ್ತಿದ್ದಾಗ ಟಯರು ಸಾಕು ಎನ್ನುತ್ತಿತ್ತು. ಎರಡನೆಯದರಲ್ಲಿ ಹಿಂದಿನ ಟಯರು 130 ಮಿ.ಮೀ. ಅಗಲದ ರೇಡಿಯಲ್ ಆಯಿತು, ಮುಂದಿನದು 90 ಆಯಿತು. ಪೆಟ್ಟಿಗೆಯಾಕಾರದ ಉಕ್ಕಿನ ಸ್ವಿಂಗ್ ಆರ್ಮ್ ಹೋಗಿ ಅಲ್ಯೂಮಿನಿಯಂನದು ಬಂತು. ಎರಡು ಚಕ್ರಗಳ ನಡುವಿನ ದೂರ 1,290ರಿಂದ 1,345 ಮಿ.ಮೀ.ಗೆ ಏರಿತು. ಈ 55 ಮಿ.ಮೀ. ಸಣ್ಣ ಅಂಕಿಯಂತೆ ಕಂಡರೂ ಸವಾರನ ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹೆದ್ದಾರಿಯಲ್ಲಿ ಬಸ್ಸು ಪಕ್ಕದಲ್ಲಿ ಹಾದು ಗಾಳಿ ಬಡಿದಾಗ ಬೈಕು ಅಲುಗುವುದು ಕಡಿಮೆಯಾಯಿತು. ಅದೇ ಹೊತ್ತಿಗೆ ಘಾಟಿಯ ಬಿಗಿಯಾದ ತಿರುವಿನಲ್ಲಿ ಅದನ್ನು ಒಳಕ್ಕೆ ತಿರುಗಿಸಲು ಮೊದಲಿಗಿಂತ ತುಸು ಹೆಚ್ಚು ಒತ್ತಾಯ ಬೇಕಾಯಿತು. ಅಗಲವಾದ ಟಯರಿನ ಸ್ವಭಾವವೂ ಅದಕ್ಕೆ ಸೇರಿಕೊಂಡಿತು. ವಾಲಿದಾಗ ಟಯರು ನೆಲಕ್ಕೆ ತಾಗುವ ಜಾಗ ನಡುವಿನಿಂದ ಪಕ್ಕಕ್ಕೆ ಸರಿಯುವುದರಿಂದ, ಅದೇ ತಿರುವನ್ನು ಅದೇ ವೇಗದಲ್ಲಿ ತೆಗೆದುಕೊಳ್ಳಲು ಅಗಲ ಟಯರಿನ ಬೈಕು ಸ್ವಲ್ಪ ಹೆಚ್ಚು ವಾಲಬೇಕಾಗುತ್ತದೆ. ಹಿಡಿತ ಹೆಚ್ಚಿತು, ಚುರುಕು ತುಸು ತಗ್ಗಿತು. ತೂಕ 136 ಕಿಲೋ ಆಯಿತು. ಶಕ್ತಿ ಹಾಗೇ ಉಳಿದು ತೂಕ ಐದು ಕಿಲೋ ಏರಿದರೂ ಬೈಕು ಒಟ್ಟಾರೆ ಉತ್ತಮವಾಯಿತು ಎಂಬುದನ್ನು ನಾನು ಒಪ್ಪುತ್ತೇನೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಆರ್15 ಬೈಕುಗಳಿಗೆಂದೇ ನಡೆದ ರೇಸುಗಳು ಹಲವು ಹೊಸ ಸವಾರರಿಗೆ ಪಾಠಶಾಲೆಯಾದದ್ದು ಈ ಚೌಕಟ್ಟಿನ ಬಲದಿಂದಲೇ. ಎಲ್ಲರ ಬೈಕೂ ಒಂದೇ ಆಗಿರುವ ಅಂಥ ರೇಸಿನಲ್ಲಿ ಐವತ್ತು ಕಿಲೋದ ಹುಡುಗನಿಗೂ ಎಪ್ಪತ್ತು ಕಿಲೋದವನಿಗೂ ಇರುವ ಅಂತರವನ್ನು ನೋಡಿದವರಿಗೆ ತೂಕದ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯ ತಲೆಮಾರು 2017ರಲ್ಲಿ ಇಂಡೋನೇಷ್ಯಾದಲ್ಲಿ, 2018ರ ಫೆಬ್ರುವರಿಯಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಎಂಜಿನ್ನಿನ ಕೆಲಸ ನಿಜವಾಗಿ ನಡೆದದ್ದು ಇಲ್ಲಿ. ಬೋರು ಒಂದೇ ಒಂದು ಮಿ.ಮೀ. ಹೆಚ್ಚಿ 58 ಆಯಿತು, ಸ್ಟ್ರೋಕು ಹಾಗೇ ಉಳಿಯಿತು, ಸಾಮರ್ಥ್ಯ 155 ಸಿ.ಸಿ.ಗೆ ಬಂತು, ಸಂಪೀಡನ ಅನುಪಾತ 10.4ರಿಂದ 11.6ಕ್ಕೆ ಏರಿತು; ಶಕ್ತಿ 10,000 ಸುತ್ತುಗಳಲ್ಲಿ 19.3 ಪಿ.ಎಸ್. ಆಯಿತು. ಇದರ ಜೊತೆಗೆ ಬಂದ ವಿವಿಎ ಎಂಬ ತಂತ್ರವನ್ನು ಸ್ವಲ್ಪ ವಿವರಿಸುವುದು ಒಳ್ಳೆಯದು, ಏಕೆಂದರೆ ತಮ್ಮ ಬರಹದಲ್ಲಿ ಅದರ ಹೆಸರಷ್ಟೇ ಇತ್ತು. ಸಮತಟ್ಟಿನಲ್ಲಿ ನಡೆಯುವವನಿಗೆ ಮೂಗಿನ ಉಸಿರು ಸಾಕು, ಏರು ಹತ್ತುವವನು ಬಾಯಿ ತೆರೆಯಲೇಬೇಕು, ಎಂಜಿನ್ನಿಗೂ ಹಾಗೆಯೇ. ನಿಧಾನ ಸುತ್ತಿನಲ್ಲಿ ಒಳಹರಿವಿನ ಕವಾಟ ಅಗತ್ಯಕ್ಕಿಂತ ಹೆಚ್ಚು ಹೊತ್ತು ತೆರೆದಿದ್ದರೆ ಎಳೆತ ಕುಂದುತ್ತದೆ, ವೇಗದ ಸುತ್ತಿನಲ್ಲಿ ಕಡಿಮೆ ಹೊತ್ತು ತೆರೆದರೆ ಎಂಜಿನ್ನಿಗೆ ಗಾಳಿ ಸಾಲುವುದಿಲ್ಲ. ಕವಾಟವನ್ನು ತೆರೆಸುವ ಕ್ಯಾಮು ಒಂದೇ ಆಕಾರದ್ದಾದರೆ ಎರಡನ್ನೂ ಸರಿದೂಗಿಸಲಾಗದು. ಆದ್ದರಿಂದ ಒಳಹರಿವಿನ ಕವಾಟಗಳಿಗೆ ಎರಡು ಆಕಾರದ ಕ್ಯಾಮುಗಳನ್ನು ಇಟ್ಟು, 7,400 ಸುತ್ತು ಮುಟ್ಟಿದ ಕೂಡಲೇ ಸಣ್ಣದೊಂದು ಪಿನ್ನು ರಾಕರ್ ತೋಳುಗಳನ್ನು ಬೆಸೆದು, ಎತ್ತರದ ಕ್ಯಾಮು ಕೆಲಸ ಮಾಡುವಂತೆ ಮಾಡಿದರು. ಮೀಟರಿನಲ್ಲಿ ವಿವಿಎ ಎಂಬ ಅಕ್ಷರಗಳು ಮೂಡುತ್ತವೆ, ಎಂಜಿನ್ನಿನ ದನಿ ಗಡುಸಾಗುತ್ತದೆ. ನನ್ನ ಹಳೆಯ ಬೈಕು ಸುಸ್ತಾಗುವ ಜಾಗದಲ್ಲಿ ಇದು ಎದ್ದು ಹೊರಡುತ್ತದೆ. ಜೊತೆಗೆ ಬಂದ ಸ್ಲಿಪ್ಪರ್ ಕ್ಲಚ್, ಇಳಿಜಾರಿನಲ್ಲಿ ಅವಸರದಿಂದ ಗೇರು ಇಳಿಸಿದಾಗ ಹಿಂದಿನ ಚಕ್ರ ಕುಪ್ಪಳಿಸದಂತೆ ನೋಡಿಕೊಳ್ಳುತ್ತದೆ. ಚಕ್ರಗಳ ನಡುವಿನ ದೂರವನ್ನು ಮತ್ತೆ 20 ಮಿ.ಮೀ. ತಗ್ಗಿಸಿ 1,325ಕ್ಕೆ ತಂದದ್ದು, ಎರಡನೆಯ ತಲೆಮಾರಿನಲ್ಲಿ ಕಳೆದುಕೊಂಡ ಚುರುಕನ್ನು ಮರಳಿ ಪಡೆಯುವ ಪ್ರಯತ್ನ ಎಂದೇ ನಾನು ಓದಿಕೊಳ್ಳುತ್ತೇನೆ.

ಆ ಒಂದು ಮಿ.ಮೀ. ಬೋರಿನ ಇನ್ನೊಂದು ಪರಿಣಾಮವನ್ನು ಯಾರೂ ಬರೆದಂತಿಲ್ಲ. ನಮ್ಮಲ್ಲಿ ಮೂರನೆಯ ವ್ಯಕ್ತಿಯ (ಥರ್ಡ್ ಪಾರ್ಟಿ) ವಿಮೆಯ ಕಂತು ಸಿ.ಸಿ.ಯ ಆಧಾರದ ಮೇಲೆ ನಿಗದಿಯಾಗುತ್ತದೆ, 150 ಸಿ.ಸಿ. ಒಂದು ಗಡಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಆ ಗಡಿಯೊಳಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ, ಗಡಿ ದಾಟಿದ್ದಕ್ಕೆ 1,366 ರೂಪಾಯಿ. ಐದು ಚಿಲ್ಲರೆ ಸಿ.ಸಿ. ಹೆಚ್ಚಿದ ಕಾರಣಕ್ಕೆ ನನ್ನ ಅಣ್ಣನ ಮಗ ನನಗಿಂತ ಹೆಚ್ಚುಕಡಿಮೆ ಇಮ್ಮಡಿ ಕಟ್ಟುತ್ತಾನೆ. ಬೈಕನ್ನು ಸಿ.ಸಿ.ಯಿಂದಲೇ ಅಳೆಯುವ ರೂಢಿ ಪತ್ರಿಕೆಗಳಲ್ಲಿ ಮಾತ್ರವಲ್ಲ, ಸರ್ಕಾರದ ಲೆಕ್ಕಪತ್ರಗಳಲ್ಲೂ ಬೇರುಬಿಟ್ಟಿದೆ.

ಬ್ರೇಕಿನ ವಿಷಯದಲ್ಲಿ ಮೂರನೆಯ ತಲೆಮಾರಿಗೆ ನ್ಯಾಯವಾಗಿ ಸಲ್ಲಬೇಕಾದ ಪ್ರಶಂಸೆಯನ್ನು ಸಲ್ಲಿಸಲೇಬೇಕು. 125 ಸಿ.ಸಿ.ಗಿಂತ ದೊಡ್ಡ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್, ಅಂದರೆ ಬ್ರೇಕು ಹಿಡಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ, ಕಡ್ಡಾಯವಾಯಿತು. ಆದರೆ ಮುಂದಿನ ಚಕ್ರಕ್ಕೆ ಮಾತ್ರ ಅಳವಡಿಸಿದರೂ ನಿಯಮ ಪಾಲಿಸಿದಂತಾಗುತ್ತಿತ್ತು, ಹಲವರು ಅಷ್ಟಕ್ಕೇ ನಿಂತರು. ಆರ್15ಗೆ ಆ ವರ್ಷದ ಜನವರಿಯಲ್ಲೇ ಎರಡೂ ಚಕ್ರಗಳಿಗೆ ಎಬಿಎಸ್ ಬಂತು. ಜುಲೈ ತಿಂಗಳ ಮಳೆಯಲ್ಲಿ, ಕೊಳೆತ ಎಲೆ ಹಾಸಿದ ಘಾಟಿ ರಸ್ತೆಯಲ್ಲಿ ಹಿಂದಿನ ಬ್ರೇಕನ್ನು ಒತ್ತಿದಾಗ ಪಾದದ ಕೆಳಗೆ ಟಕಟಕ ಎಂದು ಪೆಡಲು ಮಿಡಿಯುವುದನ್ನು ಅನುಭವಿಸಿದವರು, ಆ ಯಂತ್ರಕ್ಕೆ ತಗುಲುವ ತೂಕವನ್ನು ದೂರಲಾರರು; ನಾನೂ ದೂರುವುದಿಲ್ಲ. ಆದರೆ ಅದೇ ತಲೆಮಾರಿನ ಬೈಕು ಇಂಡೋನೇಷ್ಯಾದಲ್ಲಿ ತಲೆಕೆಳಗಾದ ಫೋರ್ಕಿನೊಂದಿಗೆ (ಮುಂದಿನ ಚಕ್ರ ಹಿಡಿಯುವ ಜೋಡಿ ಕೊಳವೆ) ಮಾರಾಟವಾದರೆ, ನಮ್ಮಲ್ಲಿ ಹಳೆಯ ಬಗೆಯ ಫೋರ್ಕಿನೊಂದಿಗೇ ಬಂತು. ಆ ಫೋರ್ಕು ನಮಗೆ ಸಿಗಲು 2021ರವರೆಗೆ ಕಾಯಬೇಕಾಯಿತು.

2019ರ ಕೊನೆಯಲ್ಲಿ ಹೊಗೆಯ ಮಿತಿ ಬಿಗಿಗೊಳಿಸಿದ ಬಿಎಸ್6 ನಿಯಮಕ್ಕೆ ಹೊಂದಿಸಿದ ಆವೃತ್ತಿ ಬಂದಾಗ ಶಕ್ತಿ 18.6 ಪಿ.ಎಸ್.ಗೆ ಇಳಿಯಿತು, ತೂಕ 142 ಕಿಲೋಗೆ ಏರಿತು. ಹೊಗೆ ಶುದ್ಧವಾಗಬೇಕಾದರೆ ಇಷ್ಟು ತೆರಲೇಬೇಕು. ಮಕ್ಕಳು ನಡೆದಾಡುವ ರಸ್ತೆಯಲ್ಲಿ ನಾವು ಬಿಡುವ ಹೊಗೆಯ ಮುಂದೆ ಮುಕ್ಕಾಲು ಪಿ.ಎಸ್. ದೊಡ್ಡದಲ್ಲ. 2021ರ ಸೆಪ್ಟೆಂಬರಿನಲ್ಲಿ ಬಂದ ನಾಲ್ಕನೆಯ ತಲೆಮಾರಿನಲ್ಲಿ ಶಕ್ತಿ 18.4ಕ್ಕೆ ನಿಂತಿತು, ದೆಹಲಿಯ ಶೋರೂಂ ದರ 1,67,800 ರೂಪಾಯಿಯಿಂದ ಆರಂಭವಾಯಿತು. ತಿರುಚುಬಲದ (ಟಾರ್ಕ್) ಗರಿಷ್ಠ ಅಂಕಿ ಬಿಎಸ್6ರ ಮೂರನೆಯದರಲ್ಲಿ 8,500 ಸುತ್ತಿಗೆ ಇದ್ದದ್ದು ಇಲ್ಲಿ 7,500ಕ್ಕೆ ಇಳಿದಿದೆ; ಊರೊಳಗೆ ಓಡಿಸುವವರಿಗೆ ಇದು ಒಳ್ಳೆಯ ಬದಲಾವಣೆ. ಮೊದಲ ತಲೆಮಾರಿನಲ್ಲಿ ಅದೇ 7,500 ಸುತ್ತಿಗೆ 15 ನ್ಯೂಟನ್ ಮೀಟರ್ ಸಿಗುತ್ತಿತ್ತು, ಈಗ ಸಿಗುವುದು 14.2. ಹಿಂದಿನ ಚಕ್ರ ಜಾರಿದರೆ ಎಬಿಎಸ್‌ನ ಸಂವೇದಕಗಳಿಂದಲೇ ತಿಳಿದುಕೊಂಡು ಎಂಜಿನ್ನಿನ ಬಲವನ್ನು ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್, ಕೆಲವು ಮಾದರಿಗಳಲ್ಲಿ ಕ್ಲಚ್ ಹಿಡಿಯದೆ ಗೇರು ಏರಿಸುವ ಕ್ವಿಕ್ ಶಿಫ್ಟರ್, ಮೊಬೈಲ್ ಫೋನಿಗೆ ಜೋಡಣೆ, ಇವೆಲ್ಲ ಜೊತೆಗೂಡಿವೆ. ಮೊದಲನೆಯದು ಮಳೆಗಾಲದಲ್ಲಿ ಉಪಯೋಗಕ್ಕೆ ಬರುತ್ತದೆ. ಉಳಿದೆರಡರ ಬಗ್ಗೆ ನನಗೆ ಅಂಥ ಉತ್ಸಾಹವಿಲ್ಲ.

ಹಾಗಾದರೆ ಹನ್ನೆರಡು ಕಿಲೋ ಎಲ್ಲಿ ಸೇರಿಕೊಂಡಿತು? ಎರಡು ಬೈಕುಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಉತ್ತರದ ಬಹುಪಾಲು ಕಣ್ಣಿಗೇ ಕಾಣುತ್ತದೆ. ಹಿಂದಿನ ಟಯರು 100ರಿಂದ 140 ಮಿ.ಮೀ. ಅಗಲವಾಗಿದೆ, ಅದಕ್ಕೆ ತಕ್ಕಂತೆ ರಿಮ್ಮೂ ಹಿಗ್ಗಿದೆ. ಮುಂದಿನ ಡಿಸ್ಕು 267ರಿಂದ 282 ಮಿ.ಮೀ. ಆಗಿದೆ, ಎಬಿಎಸ್, ಹೊಗೆ ಶುದ್ಧಿಯ ಕೊಳವೆ, ದಪ್ಪನೆಯ ಫೋರ್ಕು, ಅಗಲವಾದ ಹೊದಿಕೆಗಳು ಸೇರಿವೆ. ಇವುಗಳಲ್ಲಿ ಕಾನೂನು ಬೇಡಿದ್ದು ಎಷ್ಟು, ಸುರಕ್ಷತೆ ಬೇಡಿದ್ದು ಎಷ್ಟು, ಕಣ್ಣಿಗೆ ದೊಡ್ಡ ಬೈಕಿನಂತೆ ಕಾಣಲೆಂದು ಸೇರಿಸಿದ್ದು ಎಷ್ಟು ಎಂದು ಬಿಡಿಸಿ ನೋಡುವುದು ಅಗತ್ಯ. 18 ಪಿ.ಎಸ್. ಬೈಕಿಗೆ 130 ಮಿ.ಮೀ.ನ ಟಯರು ಧಾರಾಳವಾಗಿ ಸಾಕಾಗಿತ್ತು ಎಂಬುದು ನನ್ನ ದೃಢ ಅಭಿಪ್ರಾಯ. ಚಕ್ರದ ಹೊರ ಅಂಚಿನಲ್ಲಿ ಸೇರುವ ಒಂದು ಕಿಲೋ, ಟ್ಯಾಂಕಿನ ಮೇಲೆ ಇಟ್ಟ ಒಂದು ಕಿಲೋಗಿಂತ ಹೆಚ್ಚು ಕಾಡುತ್ತದೆ. ಅದನ್ನು ಮುಂದಕ್ಕೂ ಒಯ್ಯಬೇಕು, ಸುತ್ತಿಸಲೂ ಬೇಕು, ಗುಂಡಿಗೆ ಬಿದ್ದಾಗ ಸ್ಪ್ರಿಂಗಿನ ನೆರವಿಲ್ಲದೆ ಎತ್ತಲೂ ಬೇಕು.

ನಿಯಮಗಳು ಬಿಗಿಯಾಗುತ್ತ ಹೋದಂತೆ ತೂಕ ಏರುವುದು ಅನಿವಾರ್ಯ ಎಂದು ಹೇಳುವವರಿಗೆ ಕವಾಸಾಕಿಯ ಉದಾಹರಣೆ ಕೊಡುತ್ತೇನೆ. 2018ರಲ್ಲಿ ಆ ಕಂಪನಿ ತನ್ನ ನಿಂಜಾ 300ರ ಜಾಗಕ್ಕೆ ನಿಂಜಾ 400 ಬೈಕನ್ನು ತಂದಾಗ ಎಂಜಿನ್ ಸುಮಾರು ನೂರು ಸಿ.ಸಿ. ದೊಡ್ಡದಾಯಿತು, ಶಕ್ತಿ ಗಣನೀಯವಾಗಿ ಹೆಚ್ಚಿತು, ಬೈಕು ಮಾತ್ರ ಹಳೆಯದಕ್ಕಿಂತ ಹಲವು ಕಿಲೋ ಹಗುರವಾಯಿತು. ಹೊಸ ಜಾಲರಿ ಚೌಕಟ್ಟಿನಲ್ಲಿ ಎಂಜಿನ್ನನ್ನೇ ಭಾರ ಹೊರುವ ಅಂಗವಾಗಿಸಿ, ಸ್ವಿಂಗ್ ಆರ್ಮ್ ಹಿಡಿಯುವ ಫಲಕವನ್ನು ಎಂಜಿನ್ನಿನ ಬೆನ್ನಿಗೇ ಜೋಡಿಸಿದ್ದರಿಂದ ಚೌಕಟ್ಟಿನ ಎಷ್ಟೋ ಕೊಳವೆಗಳು ಬೇಡವಾದವು. ತೂಕ ಇಳಿಸಬೇಕು ಎಂದು ಮೊದಲ ದಿನವೇ ತೀರ್ಮಾನಿಸಿ ಕುಳಿತವರಿಗೆ ದಾರಿ ಸಿಗುತ್ತದೆ.

ಆಸನದ ಎತ್ತರದ ಬಗ್ಗೆಯೂ ಒಂದು ಮಾತು. 790 ಮಿ.ಮೀ. ಇದ್ದದ್ದು 800 ಆಗಿ, ಈಗ 815 ಆಗಿದೆ. ಹ್ಯಾಂಡಲು ಮೊದಲಿಗಿಂತ ತಗ್ಗಿದೆ. ಹನ್ನೊಂದು ಕಿಲೋ ಭಾರ ಮತ್ತು ಒಂದು ಇಂಚು ಎತ್ತರ ಎರಡೂ ಒಟ್ಟಿಗೆ ಸೇರಿದಾಗ, ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳಬೇಕಾದ ಸಣ್ಣ ಮೈಕಟ್ಟಿನ ಸವಾರರಿಗೆ, ಅದರಲ್ಲೂ ಈಗ ಹೆಚ್ಚು ಸಂಖ್ಯೆಯಲ್ಲಿ ಇಂಥ ಬೈಕುಗಳತ್ತ ಬರುತ್ತಿರುವ ಹೆಣ್ಣುಮಕ್ಕಳಿಗೆ, ಬೈಕು ದೂರವಾಗುತ್ತದೆ. ಹಿಂಬದಿಯಲ್ಲಿ ಕೂರುವವರ ಕಷ್ಟ ಕಂಡು 2015ರಲ್ಲಿ ಇಬ್ಬರಿಗೂ ಸೇರಿ ಒಂದೇ ಉದ್ದನೆಯ ಆಸನವಿರುವ ಆರ್15ಎಸ್ ಎಂಬ ಆವೃತ್ತಿಯನ್ನು ತಂದದ್ದುಂಟು. ಅಂಥ ಗಮನ ಸವಾರನ ಕಾಲಿನ ಉದ್ದದ ಮೇಲೂ ಬೀಳಬೇಕು.

ಹಳೆಯದೇ ಒಳ್ಳೆಯದು ಎಂದು ಹಟ ಹಿಡಿದು ನಾನು ಇದನ್ನು ಬರೆಯುತ್ತಿಲ್ಲ. ರಾತ್ರಿ ಮಳೆಯಲ್ಲಿ ಘಾಟಿ ಇಳಿಯಬೇಕಾಗಿ ಬಂದರೆ ಅಣ್ಣನ ಮಗನ ಬೈಕನ್ನೇ ಕೇಳಿ ಪಡೆಯುತ್ತೇನೆ. ಅದರ ದೀಪ, ಬ್ರೇಕು, ಟಯರು ನನ್ನ ಬೈಕಿನವುಗಳಿಗಿಂತ ಎಷ್ಟೋ ಪಾಲು ಮೇಲು. ಬಿಸಿಲಿರುವ ಬೆಳಿಗ್ಗೆ, ರಸ್ತೆ ಒಣಗಿರುವಾಗ, ಮುಳ್ಳಯ್ಯನಗಿರಿಯ ಕಡೆ ಸುಮ್ಮನೆ ಹೋಗಿ ಬರೋಣ ಎಂದರೆ ಮಾತ್ರ ಅವನು ನನ್ನ ಬೈಕಿನ ಕೀಲಿ ಕೇಳುತ್ತಾನೆ. ಯಾಕೆ ಎಂದು ಕೇಳಿದರೆ, ಹಿರಿಯನೆಂದು ಸಂಕೋಚಪಡದೆ ಅವನು ಹೇಳಿದ್ದು ಒಂದೇ ಮಾತು: ‘ಚಿಕ್ಕಪ್ಪಾ, ಇದು ಸೈಕಲ್ ಥರ ತಿರುಗುತ್ತೆ.’

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ವಾಹನ ಪುಟದಲ್ಲಿ ಯಾವುದೇ ಬೈಕಿನ ಪರಿಚಯ ಬಂದಾಗ ಶಕ್ತಿಯ ಅಂಕಿಯ ಪಕ್ಕದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ, ಪೆಟ್ರೋಲು ತುಂಬಿದ ತೂಕವನ್ನೂ ಆಸನದ ಎತ್ತರವನ್ನೂ ಅಚ್ಚುಮಾಡಿ. ಕೆಲವು ಕಡೆ ಒಣ ತೂಕವೆಂದು ಎಣ್ಣೆ, ಪೆಟ್ರೋಲು ಬಿಟ್ಟ ಅಂಕಿಯನ್ನು ಕೊಡುವುದುಂಟು. ನನ್ನ ಬೈಕಿನ ವಿಷಯದಲ್ಲಿ ಆ ಎರಡು ಅಂಕಿಗಳ ನಡುವೆ ಹತ್ತು ಕಿಲೋಗೂ ಹೆಚ್ಚಿನ ಅಂತರವಿದೆ, ಯಾವುದನ್ನು ಅಚ್ಚುಹಾಕುತ್ತಿದ್ದೀರಿ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ. ಹೊಸ ತಲೆಮಾರಿನದಾದರೆ ಹಿಂದಿನದರ ತೂಕವನ್ನೂ ಜೊತೆಗೆ ಕೊಡಿ. ಓದುಗರು ಶೋರೂಮಿಗೆ ಹೋಗಿ ಎಷ್ಟು ಪಿ.ಎಸ್. ಎಂದು ಕೇಳುವುದರ ಜೊತೆಗೆ ಎಷ್ಟು ಕಿಲೋ ಎಂದೂ ಕೇಳತೊಡಗಿದರೆ, ಆ ಪ್ರಶ್ನೆ ತಯಾರಕರ ಕಿವಿಗೆ ಬೀಳದೆ ಇರುವುದಿಲ್ಲ. ಆರ್15ರ ಐದನೆಯ ತಲೆಮಾರು ಬಂದ ದಿನ, ಎಬಿಎಸ್ಸನ್ನೂ ಶುದ್ಧ ಹೊಗೆಯನ್ನೂ ಉಳಿಸಿಕೊಂಡು ಅದು 131 ಕಿಲೋಗೆ ಎಷ್ಟು ಹತ್ತಿರ ಬಂದಿದೆ ಎಂಬುದನ್ನು ದಯವಿಟ್ಟು ತಲೆಬರಹದಲ್ಲೇ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಓದುಗ,
ಚಿಕ್ಕಮಗಳೂರು ಜಿಲ್ಲೆ